ನೋಟಿನ ಹಿಂಬದಿ ಯಾರಿಗೆ ಸೇರಿದ್ದು

ನಮ್ಮ ನೋಟಿನ ಮುಂಭಾಗದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಗಾಂಧೀಜಿ ಇದ್ದಾರೆ, ಪಕ್ಕದಲ್ಲಿ ಗವರ್ನರ್ ಸಹಿ, ಆ ಕಡೆ ಅಶೋಕ ಸ್ತಂಭ, ಮುಗೀತು. 1996ರಿಂದ ಎಲ್ಲಾ ನೋಟಿಗೂ ಹೆಚ್ಚು ಕಡಿಮೆ ಅದೇ ಏರ್ಪಾಡು. ಆದ್ರೆ ನೋಟು ತಿರುಗಿಸಿದ್ರೆ ಕಥೆ ಬೇರೆ. ಅಲ್ಲಿ ಒಂದು ಕಾಲದಲ್ಲಿ ಹುಲಿ ಇತ್ತು, ಜಿಂಕೆ ಇತ್ತು, ನವಿಲು ಇತ್ತು, ಅಣೆಕಟ್ಟು, ಟ್ರಾಕ್ಟರ್, ಸಮುದ್ರದಲ್ಲಿ ಎಣ್ಣೆ ತೆಗೆಯೋ ರಿಗ್ಗು, ಉಪಗ್ರಹ, ಹಿಮಾಲಯ ಎಲ್ಲಾ ಬಂದು ಹೋಗಿವೆ. ಈಗ ಅಲ್ಲಿರೋದು ಬರೀ ಕಲ್ಲು. ಕಲ್ಲು ಅಂತ ಹಗುರವಾಗಿ ಹೇಳ್ತಿಲ್ಲ, ಕೋನಾರ್ಕ್, ಎಲ್ಲೋರ, ಹಂಪಿ, ರಾಣಿ ಕಿ ವಾವ್, ಸಾಂಚಿ, ಕೆಂಪುಕೋಟೆ ಅಂದ್ರೆ ಯಾವ ದೇಶ ಬೇಕಾದ್ರೂ ಎದೆ ಉಬ್ಬಿಸಿಕೊಳ್ಳೋ ಕಲ್ಲುಗಳೇ, ಆದ್ರೂ ಆರು ನೋಟನ್ನ ಸಾಲಾಗಿ ಬೆನ್ನು ಮೇಲೆ ಮಾಡಿ ಇಟ್ಕೊಂಡು ನೋಡಿದಾಗ ಇಲ್ಲಿ ಏನೋ ಒಂದು ಕಾಣೆಯಾಗಿದೆ ಅಂತ ಅನ್ಸೇ ಅನ್ಸತ್ತೆ.

ಮೊದಲು ನಮ್ಮ ಮನೆಯದ್ದೇ ಮಾತಾಡೋಣ, 50 ರೂಪಾಯಿ. 2017ರ ಆಗಸ್ಟಲ್ಲಿ ಬಂದಿದ್ದು, ಆ ಹೊಳೆಯೋ ನೀಲಿ ಬಣ್ಣದ್ದು, ಬೆನ್ನ ಮೇಲೆ ಹಂಪಿಯ ಕಲ್ಲಿನ ರಥ. ಕರ್ನಾಟಕದವರಿಗೆಲ್ಲ ಆಗ ಖುಷಿಯೋ ಖುಷಿ, ವಾಟ್ಸಾಪಲ್ಲಿ ಎಲ್ಲಿ ನೋಡಿದ್ರೂ ಅದೇ ಫೋಟೋ. ಒಂದು ಭೂತಗನ್ನಡಿ ತಗೊಂಡು (ಇಲ್ಲಾಂದ್ರೆ ಫೋನ್ ಕ್ಯಾಮೆರಾ ಝೂಮ್ ಮಾಡಿ, ಸಾಕು) ಆ ರಥಾನ ನೋಡಿ. ಚಕ್ರ ಕಾಣತ್ತೆ, ಕಂಬಗಳು ಕಾಣತ್ತೆ, ಮುಂದೆ ಆನೆ ಇದೆ. ಮೇಲೆ ಸಪಾಟು. ಈ ಸಪಾಟು ಅನ್ನೋದೇ ಒಂದು ಕಥೆ. ಇದು ನಿಜಕ್ಕೂ ಎಳೆಯೋ ರಥ ಅಲ್ಲ, ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ವಿಠ್ಠಲನಿಗೆ ಎದುರಾಗಿ ಕಟ್ಟಿದ ಗರುಡನ ಗುಡಿ, ಗುಡಿಗೇ ರಥದ ರೂಪ ಕೊಟ್ಟಿದ್ದಾರೆ. ಗುಡಿ ಅಂದ್ಮೇಲೆ ಶಿಖರ ಇರಲೇಬೇಕಲ್ವಾ, ಇತ್ತು. ಇಟ್ಟಿಗೆ ಗಾರೆಯಲ್ಲಿ ಕಟ್ಟಿದ್ದ ಶಿಖರ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ ಹಂಪಿ ಪೂರ್ತಿ ಓಡಾಡಿ ಫೋಟೋ ತೆಗೆದಿದ್ದ, ಅವನ ಫೋಟೋದಲ್ಲಿ ಆ ಶಿಖರ ಇನ್ನೂ ನಿಂತಿದೆ. ಆಮೇಲೆ ಅದು ಹೋಯ್ತು. ಆನೆಗಳ ಕಥೆ ಇನ್ನೂ ಮಜಾ. ರಥದ ಮುಂದೆ ಮೊದಲು ಇದ್ದದ್ದು ಕುದುರೆಗಳಂತೆ, ಆನೆಗಳನ್ನ ಆಮೇಲೆ ಎಲ್ಲಿಂದಲೋ ತಂದು ಇಟ್ಟಿದ್ದು, ಈಗಲೂ ಆನೆ ಹಿಂದೆ ಬಗ್ಗಿ ನೋಡಿದ್ರೆ ಕುದುರೆಯ ಹಿಂಗಾಲು, ಬಾಲದ ಗುರುತು ಕಲ್ಲಲ್ಲಿ ಉಳಿದಿದೆ. ಹಂಪಿಗೆ ಹೋದಾಗ ಎಲ್ರೂ ಮುಂದೆ ನಿಂತು ನೋಟು ಹಿಡ್ಕೊಂಡು ಸೆಲ್ಫಿ ತಗೋತಾರೆ, ಆ ಬಾಲ ನೋಡೋರು ಕಮ್ಮಿ. ಮುಂದಿನ ಸಲ ಹೋದ್ರೆ ದಯವಿಟ್ಟು ನೋಡಿ.

ಹಾಗಾಗಿ 50ರ ನೋಟಲ್ಲಿ ಇರೋದು ಕೃಷ್ಣದೇವರಾಯನ ಕಾಲದ ಹಂಪಿ ಅಲ್ಲ, ನಮ್ಮ ಕಾಲದ ಹಂಪಿ. ಮುರಿದು, ಕಳ್ಕೊಂಡು, ಬೇರೆಯವರು ಜೋಡಿಸಿಟ್ಟ ಮೇಲೆ ಉಳಿದದ್ದು. ನಂಗೆ ಇದು ಬೇಜಾರಿನ ವಿಷ್ಯ ಅಲ್ಲವೇ ಅಲ್ಲ, ಬದಲಿಗೆ ಇದೇ ಆ ಚಿತ್ರದಲ್ಲಿ ಅತ್ಯಂತ ಸತ್ಯವಾದ ಭಾಗ ಅನ್ಸತ್ತೆ. 10 ರೂಪಾಯಿಯ ಕೋನಾರ್ಕೂ ಅಷ್ಟೆ. 13ನೇ ಶತಮಾನದಲ್ಲಿ ನರಸಿಂಹದೇವ ಕಟ್ಟಿಸಿದ ಸೂರ್ಯನ ದೇವಸ್ಥಾನ, ಅದೂ ರಥವೇ, 24 ಚಕ್ರದ ರಥ, ಅದರ ಮುಖ್ಯ ಗೋಪುರ ಯಾವತ್ತೋ ಬಿದ್ದುಹೋಗಿದೆ, ಈಗ ನಾವು ದೇವಸ್ಥಾನ ಅಂತ ನೋಡೋದು ಅದರ ಮುಂದಿನ ಮಂಟಪ. ಅದೂ ಕುಸಿಯಬಾರದು ಅಂತ 1903ರಲ್ಲಿ ಬ್ರಿಟಿಷರು ಒಳಗೆಲ್ಲ ಮರಳು ತುಂಬಿ ಬಾಗಿಲು ಮುಚ್ಚಿಬಿಟ್ಟಿದ್ರು. 100ರ ನೋಟಿನ ರಾಣಿ ಕಿ ವಾವ್ ಅಂತೂ ನೂರಾರು ವರ್ಷ ಮಣ್ಣಲ್ಲೇ ಹೂತಿತ್ತು. ಗುಜರಾತಿನ ಪಾಟಣದಲ್ಲಿ ರಾಣಿ ಉದಯಮತಿ ತನ್ನ ಗಂಡ ಭೀಮದೇವನ ನೆನಪಿಗೆ 11ನೇ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲು ಬಾವಿ ಅದು, ಸರಸ್ವತಿ ನದಿಯ ಪ್ರವಾಹದಲ್ಲಿ ಹೂಳು ತುಂಬಿ ಮುಚ್ಚಿಹೋಗಿ 20ನೇ ಶತಮಾನದಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದ ಮೇಲೇನೇ ಲೋಕಕ್ಕೆ ಪೂರ್ತಿ ಕಂಡಿದ್ದು. ಕೆಳಗೆ ಇಳೀತಾ ಇಳೀತಾ ಏಳು ಹಂತ, ಗೋಡೆ ತುಂಬಾ ವಿಷ್ಣುವಿನ ಅವತಾರಗಳು. ಹೂಳೇ ಅದನ್ನ ಕಾಪಾಡಿತು ಅಂತಾನೂ ಹೇಳಬಹುದು. ನೋಟಲ್ಲಿ ಚಿತ್ರ ನೋಡಿ ಇದು ಅರಮನೆ ಅಂದ್ಕೊಂಡವರನ್ನ ನಾನು ನೋಡಿದೀನಿ, ಬಾವಿ ಅಂತ ಹೇಳಿದ್ರೆ ನಂಬಲ್ಲ. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ಮಾತ್ರ ಇದು ಥಟ್ ಅಂತ ಅರ್ಥ ಆಗತ್ತೆ, ನೀರಿಗೆ ಇಳಿಯೋ ದಾರೀನೇ ದೇವಸ್ಥಾನ ಮಾಡೋ ಬುದ್ಧಿ ಗದಗದ ಕಡೆಯವರಿಗೂ ಇತ್ತಲ್ಲ.

20 ರೂಪಾಯಿಯ ಎಲ್ಲೋರ ಬಗ್ಗೆ ನಮ್ಮಲ್ಲಿ ಯಾಕೆ ಅಷ್ಟು ಸದ್ದಾಗಲಿಲ್ಲ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. 2019ರಲ್ಲಿ ಬಂತು, ಹಸಿರು ಮಿಶ್ರಿತ ಹಳದಿ ಬಣ್ಣ. ಎಲ್ಲೋರ ಇರೋದು ಮಹಾರಾಷ್ಟ್ರದಲ್ಲಿ, ಸರಿ, ಆದ್ರೆ ಅಲ್ಲಿನ ಕೈಲಾಸನಾಥ ದೇವಸ್ಥಾನ ಕಡೆಸಿದ್ದು ರಾಷ್ಟ್ರಕೂಟರ ಒಂದನೇ ಕೃಷ್ಣ, 8ನೇ ಶತಮಾನದಲ್ಲಿ. ಅದೇ ರಾಷ್ಟ್ರಕೂಟರು ಆಮೇಲೆ ಮಾನ್ಯಖೇಟದಿಂದ ಅಂದ್ರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದವರು. ಒಂದಿಡೀ ಗುಡ್ಡವನ್ನ ಮೇಲಿಂದ ಕೆಳಕ್ಕೆ ಕಡೀತಾ ಬಂದು, ಶಿಖರ ಮೊದಲು, ಅಡಿಪಾಯ ಕೊನೆಗೆ, ಕಟ್ಟೋದರ ಬದಲು ಬೇಡದ ಕಲ್ಲನ್ನೆಲ್ಲ ತೆಗೆದುಹಾಕಿ ಮಾಡಿದ ದೇವಸ್ಥಾನ. ಅಂಥದ್ದು 20 ರೂಪಾಯಿ ನೋಟಿನ ಮೇಲಿದೆ, ನಾವು ಅದನ್ನ ನಾಲ್ಕು ಮಡಿಕೆ ಮಾಡಿ ಆಟೋದವರಿಗೆ ಕೊಡ್ತೀವಿ. ಒಟ್ಟಿನಲ್ಲಿ ಕನ್ನಡದ ದೊರೆಗಳ ಕೈ ಇರೋ ನೋಟು ಎರಡು. ಇದಲ್ಲದೆ ಎಲ್ಲಾ ನೋಟಿನ ಹಿಂಬದಿಯ ಆ ಭಾಷೆಗಳ ಪಟ್ಟಿಯಲ್ಲಿ, 15 ಭಾಷೆ ಇದಾವೆ ಅದರಲ್ಲಿ, ಅಸ್ಸಾಮಿ ಬಂಗಾಳಿ ಗುಜರಾತಿ ಆದ್ಮೇಲೆ ನಾಲ್ಕನೇ ಸಾಲು ನಮ್ಮದು.

ಸಾಂಚಿ (200) ಮತ್ತು ಕೆಂಪುಕೋಟೆ (500) ಬಗ್ಗೆ ನಂಗೆ ಅಷ್ಟೇನೂ ಹೇಳೋದಿಲ್ಲ. ಸಾಂಚಿ ಸ್ತೂಪದ ಗುಂಡಗಿನ ಆಕಾರ ಆ ಗಾಢ ಹಳದಿಯಲ್ಲಿ ಚೆನ್ನಾಗಿ ಕೂತಿದೆ. ಕೆಂಪುಕೋಟೆ ಬೂದು ಬಣ್ಣದಲ್ಲಿದೆ, ಕೆಂಪುಕೋಟೇನ ಬೂದು ಬಣ್ಣದಲ್ಲಿ ಪ್ರಿಂಟ್ ಮಾಡೋ ಐಡಿಯಾ ಯಾರದ್ದೋ.

ಈಗ ಹಳೇ ನೋಟುಗಳಿಗೆ ಬರೋಣ. 1996ರಲ್ಲಿ ಶುರುವಾದ ಮೊದಲ ಮಹಾತ್ಮ ಗಾಂಧಿ ಸರಣಿ, ಈಗಲೂ 10, 20, 50, 100 ಅಲ್ಲಿ ಇಲ್ಲಿ ಸಿಗತ್ತೆ, ಚಲಾವಣೆಯಲ್ಲೂ ಇದೆ. ಅದರ 10 ರೂಪಾಯಿ ನೆನಪಿದೆಯಾ? ಖಡ್ಗಮೃಗ, ಆನೆ, ಹುಲಿ ಮೂರೂ ಒಟ್ಟಿಗೆ. ಮೂರು ಪ್ರಾಣಿ ಕಾಡಲ್ಲಿ ಹೀಗೆ ಗ್ರೂಪ್ ಫೋಟೋಗೆ ನಿಲ್ಲಲ್ಲ ಅನ್ನೋದು ಬೇರೆ ಮಾತು, ಆದ್ರೆ ಚಿಕ್ಕ ಮಕ್ಕಳು ಇಷ್ಟಪಟ್ಟು ನೋಡ್ತಿದ್ದ ನೋಟು ಅಂದ್ರೆ ಅದೊಂದೇ. 20 ರೂಪಾಯಿಯಲ್ಲಿ ಅಂಡಮಾನ್ ಇತ್ತು, ತೆಂಗಿನ ಮರಗಳ ಸಂದಿಯಿಂದ ಕಾಣೋ ಸಮುದ್ರ, ದೂರದಲ್ಲಿ ನಾರ್ತ್ ಬೇ ದೀಪಸ್ತಂಭ, ಮೌಂಟ್ ಹ್ಯಾರಿಯಟ್‌ಗೆ ಹೋಗೋ ದಾರಿಯಿಂದ ಕಾಣೋ ನೋಟ. ಟೂರಿಗೆ ಹೋದವರನ್ನ ಅಲ್ಲಿನ ಗೈಡುಗಳು ಇದೇ 20 ರೂಪಾಯಿ ಜಾಗ ಅಂತ ನಿಲ್ಸಿ ತೋರಿಸ್ತಾರೆ. ಆ ಬೆಟ್ಟದ ಹೆಸರು 2021ರಲ್ಲಿ ಮೌಂಟ್ ಮಣಿಪುರ ಆಯ್ತು, 1891ರ ಯುದ್ಧ ಆದ್ಮೇಲೆ ಮಣಿಪುರದ ಹೋರಾಟಗಾರರನ್ನ ಬ್ರಿಟಿಷರು ಅಂಡಮಾನಿಗೆ ಗಡಿಪಾರು ಮಾಡಿದ್ರು, ಆ ನೆನಪಿಗೆ. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯ್ತು. ಈಗ ಜಾಗದ ಹೆಸರೂ ಹಳೇದಿಲ್ಲ, ಹೊಸ 20ರಲ್ಲಿ ಆ ಸಮುದ್ರಾನೂ ಇಲ್ಲ. ಮತ್ತೆ 100 ರೂಪಾಯಿಯಲ್ಲಿ ಕಾಂಚನಜುಂಗಾ, ಸಿಕ್ಕಿಂ ಕಡೆಯಿಂದ ಕಾಣೋ ಹಾಗೆ, 8586 ಮೀಟರಿನ ಬೆಟ್ಟ ಅಂಗೈಯಲ್ಲಿ. ಹಿಮಾಲಯ ಜನ್ಮದಲ್ಲಿ ನೋಡದ ಕೋಟ್ಯಂತರ ಜನರ ಜೇಬಲ್ಲಿ ಹಿಮಾಲಯ ಇತ್ತು ಅಂತ ಲೆಕ್ಕ.

ಅಂದ್ರೆ ಕಾಡು, ಕಡಲು, ಬೆಟ್ಟ, ಮೂರೂ ಇತ್ತು, ಅದೂ 10, 20, 100ರಲ್ಲಿ, ದಿನಾ ಕೈ ಬದಲಾಯಿಸೋ ನೋಟುಗಳಲ್ಲಿ. ಹೊಸ ಸರಣಿಯಲ್ಲಿ ಒಂದೂ ಇಲ್ಲ. ಇನ್ನೊಂದು ಗಮನಿಸಿದ್ರಾ, ಹಿಂಬದಿಯಲ್ಲಿ ಮನುಷ್ಯರೂ ಇಲ್ಲ. ಹಳೇ 5 ರೂಪಾಯಿಯಲ್ಲಿ ಟ್ರಾಕ್ಟರ್ ಓಡಿಸೋ ರೈತ ಇದ್ದ. ಹಳೇ 500ರಲ್ಲಿ ದಂಡಿ ಯಾತ್ರೆ ಇತ್ತು, ಗಾಂಧಿ ಮುಂದೆ, ಹಿಂದೆ ಹತ್ತು ಜನ, ದೆಹಲಿಯಲ್ಲಿರೋ ಗ್ಯಾರಹ್ ಮೂರ್ತಿ ಶಿಲ್ಪ ನೋಡಿ ಮಾಡಿದ್ದು, ಶಿಲ್ಪ ದೇವಿಪ್ರಸಾದ್ ರಾಯ್ ಚೌಧುರಿ ಅವರದ್ದು. ಹಳೇ 1000ದಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗಿ. ಅವರೆಲ್ಲ ಎದ್ದು ಹೋಗಿದ್ದಾರೆ. ಈಗ ಪ್ರವಾಸಿ ತಾಣಕ್ಕೆ ಬೆಳಗ್ಗೆ ಗೇಟ್ ತೆಗೆಯೋಕ್ಕಿಂತ ಮುಂಚೆ ಹೋಗಿ ತೆಗೆದ ಫೋಟೋ ಥರ ಇದೆ ಎಲ್ಲಾ ನೋಟು.

ಇನ್ನೂ ಹಿಂದೆ ಹೋದ್ರೆ ಸರ್ಕಾರದ ಆಸೆಗಳು ಇನ್ನೂ ಸ್ಪಷ್ಟವಾಗಿ ಕಾಣತ್ತೆ. ಸ್ವಾತಂತ್ರ್ಯ ಬಂದಾಗ ಆರನೇ ಜಾರ್ಜ್ ರಾಜನ ಮುಖ ತೆಗೆದು ಗಾಂಧೀಜಿ ಮುಖ ಹಾಕೋಣ ಅಂತ ಮೊದಲು ಯೋಚನೆ ಇತ್ತಂತೆ, ಡಿಸೈನೂ ರೆಡಿಯಾಗಿತ್ತು, ಆಮೇಲೆ ಸಾರನಾಥದ ಸಿಂಹಗಳೇ ಇರಲಿ ಅಂತ ಒಮ್ಮತ ಆಯ್ತು, 1949ರ ಒಂದು ರೂಪಾಯಿ ನೋಟಲ್ಲಿ ಸಿಂಹ ಬಂತು. ಗಾಂಧೀಜಿ ನೋಟಿಗೆ ಬಂದಿದ್ದು 1969ರಲ್ಲಿ, ಜನ್ಮ ಶತಮಾನೋತ್ಸವಕ್ಕೆ, ಸೇವಾಗ್ರಾಮದ ಆಶ್ರಮದ ಮುಂದೆ ಕೂತಿರೋ ಚಿತ್ರ. ಅಲ್ಲೀ ತನಕ ಮತ್ತು ಆಮೇಲೂ ಎಷ್ಟೋ ವರ್ಷ ಹಿಂಬದಿಯದ್ದೇ ಕಾರುಬಾರು. 1954ರ 1000 ರೂಪಾಯಿಯಲ್ಲಿ ತಂಜಾವೂರಿನ ಬೃಹದೀಶ್ವರ, 5000ದಲ್ಲಿ ಗೇಟ್‌ವೇ ಆಫ್ ಇಂಡಿಯಾ. 2 ರೂಪಾಯಿಯಲ್ಲಿ ಹುಲಿ, 5ರಲ್ಲಿ ಜಿಂಕೆ, 10ರಲ್ಲಿ ಹಾಯಿ ಹಡಗು. 100ರಲ್ಲಿ ಹಿರಾಕುಡ್ ಅಣೆಕಟ್ಟು, ಅಣೆಕಟ್ಟನ್ನೇ ದೇವಸ್ಥಾನ ಅಂತ ನಂಬಿದ್ದ ಕಾಲ ಅದು. 1980ರ ಹೊತ್ತಿಗೆ ಒಂದು ರೂಪಾಯಿಗೆ ಸಾಗರ ಸಮ್ರಾಟ್ ರಿಗ್ಗು, 2ಕ್ಕೆ ಆರ್ಯಭಟ, 5ಕ್ಕೆ ಟ್ರಾಕ್ಟರ್, 10ಕ್ಕೆ ನವಿಲು, 20ಕ್ಕೆ ಕೋನಾರ್ಕ್ ಚಕ್ರ ಬಂತು. ಈ ಪಟ್ಟಿ ನಂಗೆ ತುಂಬಾ ಇಷ್ಟ, ಯಾಕಂದ್ರೆ ಇದರಲ್ಲಿ ಒಂದು ಬೆರಕೆ ಇದೆ, ಎಣ್ಣೆ, ಆಕಾಶ, ಹೊಲ, ಹಕ್ಕಿ, ಕಲ್ಲು, ಎಲ್ಲಕ್ಕೂ ಒಂದೊಂದು ನೋಟು ಸಿಕ್ಕಿದೆ.

ಆ 2 ರೂಪಾಯಿ ಆರ್ಯಭಟದ ಬಗ್ಗೆ ಬೆಂಗಳೂರಿನವರು ಸ್ವಲ್ಪ ಜಂಬ ಪಡಬಹುದು. ಪೀಣ್ಯದ ಇಂಡಸ್ಟ್ರಿಯಲ್ ಶೆಡ್ಡುಗಳಲ್ಲಿ ಕೂತು ಕಟ್ಟಿದ ಉಪಗ್ರಹ ಅದು, ಸುಮಾರು 360 ಕೆಜಿ, 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ ಮೇಲೆ ಹೋಯ್ತು. ಆಮೇಲೆ 2016ರಲ್ಲಿ 2000 ರೂಪಾಯಿ ನೋಟು ಬಂದಾಗ ಅದರ ಬೆನ್ನ ಮೇಲೆ ಮಂಗಳಯಾನ, ಅದಕ್ಕೂ ಬೆಂಗಳೂರಿನದ್ದೇ ನಂಟು, ಕಟ್ಟಿದ್ದೂ ಇಲ್ಲೇ, ಮಂಗಳನ ಕಕ್ಷೆಗೆ ಸೇರಿದ ದಿನ ಎಲ್ರೂ ಉಸಿರು ಬಿಗಿ ಹಿಡಿದು ಕೂತಿದ್ದೂ ಇಲ್ಲಿನ ಕಂಟ್ರೋಲ್ ರೂಮಲ್ಲೇ. 2 ರೂಪಾಯಿ ನೋಟು ಪ್ರಿಂಟ್ ಆಗೋದು ಎಂದೋ ನಿಂತುಹೋಯ್ತು, 2000ದ ನೋಟನ್ನ 2023ರ ಮೇ 19ರಂದು ವಾಪಸ್ ತಗೋತೀವಿ ಅಂದ್ರು. ಮಂಗಳಯಾನದ ಸಂಪರ್ಕ 2022ರಲ್ಲೇ ಕಡಿದುಹೋಗಿತ್ತು, ಮರುವರ್ಷವೇ ಅದರ ನೋಟೂ ಹೋಯ್ತು.

ಯಾವ ಚಿತ್ರ ಹಾಕಬೇಕು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ ಅಂತ ಕೇಳಿದ್ರೆ, ಕಾನೂನು ಪ್ರಕಾರ 1934ರ ಆರ್‌ಬಿಐ ಕಾಯ್ದೆಯ 25ನೇ ಸೆಕ್ಷನ್. ಆರ್‌ಬಿಐನ ಕೇಂದ್ರ ಮಂಡಳಿ ಶಿಫಾರಸು ಮಾಡತ್ತೆ, ಕೇಂದ್ರ ಸರ್ಕಾರ ಒಪ್ಪಿಗೆ ಕೊಡತ್ತೆ. ಜನರನ್ನ ಕೇಳೋ ಪದ್ಧತಿ ಏನಿಲ್ಲ. ಪ್ರಿಂಟ್ ಆಗೋದು ನಾಲ್ಕು ಕಡೆ, ನಾಸಿಕ್, ದೇವಾಸ್, ಸಾಲ್ಬೋನಿ ಮತ್ತು ನಮ್ಮ ಮೈಸೂರು. ಮೈಸೂರಲ್ಲಿ ಬರೀ ಪ್ರೆಸ್ ಅಲ್ಲ, ನೋಟಿನ ಕಾಗದ ಮಾಡೋ ಮಿಲ್ಲೂ ಇದೆ, ಇಂಕ್ ಮಾಡೋ ಘಟಕಾನೂ ಇದೆ. ಕಾಗದ ಅಂದ್ರೂ ಅದು ಹತ್ತಿ, ಮರದ ತಿರುಳಲ್ಲ, ಅದಕ್ಕೇ ಅಂಗಿ ಜೇಬಲ್ಲೇ ಮರೆತು ವಾಷಿಂಗ್ ಮಷೀನಿಗೆ ಹಾಕಿದ್ರೂ ನೋಟು ಬದುಕಿ ಬರತ್ತೆ.

ಚಿತ್ರದ ಆಯ್ಕೆಯಲ್ಲಿ ಹೆಮ್ಮೆ ಒಂದೇ ಅಲ್ಲ, ಕಸುಬಿನ ಲೆಕ್ಕಾಚಾರಾನೂ ಇದೆ. ನೋಟಿನ ಚಿತ್ರ ಫೋಟೋ ಅಲ್ಲ, ಗೆರೆಗಳಲ್ಲಿ ಬಿಡಿಸಿದ್ದು. ನೆರಳು ಬೇಕಾದಲ್ಲಿ ಗೆರೆ ಹತ್ತಿರ ಹತ್ತಿರ, ಬೆಳಕು ಬೇಕಾದಲ್ಲಿ ದೂರ ದೂರ, ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ. ಖೋಟಾ ನೋಟು ಮಾಡೋನಿಗೆ ತಲೆನೋವು ತರೋದೇ ಈ ಗೆರೆಗಳು, ಸ್ಕ್ಯಾನರಲ್ಲಿ ಹಾಕಿ ಪ್ರಿಂಟ್ ತೆಗೆದ್ರೆ ಗೆರೆಗಳೆಲ್ಲ ಕದಡಿ ಬಣ್ಣದ ಚುಕ್ಕೆ ಆಗಿಬಿಡತ್ತೆ. ಹಾಗಾಗಿ ಖಾಲಿ ಆಕಾಶ, ಸಪಾಟು ಗೋಡೆ ಇರೋ ಚಿತ್ರಕ್ಕಿಂತ ಸಣ್ಣ ಕೆತ್ತನೆ ತುಂಬಿರೋ ಚಿತ್ರ ಒಳ್ಳೇದು. ಮನುಷ್ಯನ ಮುಖ ಎಲ್ಲಕ್ಕಿಂತ ಒಳ್ಳೇದು, ಯಾಕಂದ್ರೆ ಗೊತ್ತಿರೋ ಮುಖದಲ್ಲಿ ಒಂಚೂರು ವ್ಯತ್ಯಾಸ ಆದ್ರೂ ನಮ್ಮ ಕಣ್ಣು ಹಿಡಿದುಬಿಡತ್ತೆ. 100 ಮತ್ತು ಅದಕ್ಕಿಂತ ದೊಡ್ಡ ನೋಟುಗಳಲ್ಲಿ ಗಾಂಧೀಜಿ ಮುಖವನ್ನ ಬೆರಳಿಂದ ಸವರಿದ್ರೆ ಉಬ್ಬು ಸಿಗತ್ತೆ, ಅಂಚಿನಲ್ಲಿ ಕಣ್ಣು ಕಾಣದವರಿಗೆ ಅಂತ ಉಬ್ಬಿದ ಗೆರೆಗಳೂ ಇವೆ, 100ಕ್ಕೆ ನಾಲ್ಕು, 500ಕ್ಕೆ ಐದು. ಈ ಲೆಕ್ಕದಲ್ಲಿ ದೇವಸ್ಥಾನ ಬಾವಿಗಳ ಕೆತ್ತನೆ ನೋಟಿಗೆ ಹೇಳಿ ಮಾಡಿಸಿದ ಹಾಗಿದೆ, ಒಪ್ಪೋಣ.

ಸ್ಮಾರಕ ಹಾಕೋದ್ರಲ್ಲಿ ಜಗಳಾನೂ ಇದ್ದೇ ಇರತ್ತೆ, ಅವರದ್ದು ಬಂತು ನಮ್ಮದು ಬರಲಿಲ್ಲ ಅಂತ. ಯೂರೋ ನೋಟು ಮಾಡುವಾಗ ಯುರೋಪಿನವರು ಈ ಜಗಳಕ್ಕೆ ಹೆದರಿ ಯಾವ ದೇಶದ್ದೂ ಅಲ್ಲದ, ಬರೀ ಕಲ್ಪನೆಯ ಸೇತುವೆಗಳನ್ನ ಹಾಕಿದ್ರು. ನೆದರ್ಲೆಂಡ್ಸಿನ ಸ್ಪೈಕೆನಿಸ್ಸೆ ಅನ್ನೋ ಊರಿನವರು ಸುಮ್ನೆ ಇರ್ತಾರಾ, ಆ ಸೇತುವೆಗಳನ್ನೆಲ್ಲ ನಿಜವಾಗ್ಲೂ ಕಟ್ಟಿಬಿಟ್ರು, ನೋಟಿನ ಬಣ್ಣದಲ್ಲೇ! ನಮಗೆ ಆ ಪಾಡಿಲ್ಲ, ನಮ್ಮಲ್ಲಿ ಕಲ್ಪನೆ ಮಾಡ್ಕೊಳ್ಳೋ ಅಷ್ಟು ಬರಗಾಲ ಇಲ್ಲ. ಆದ್ರೆ ಜಗಳ ತಪ್ಪಿಸೋಕೆ ಇನ್ನೊಂದು ಸುಲಭದ ದಾರಿ ಇತ್ತಲ್ಲ ಅಂತ ನನ್ನ ವಾದ. ಹುಲಿ ಯಾವ ರಾಜ್ಯದ್ದು? ಖಡ್ಗಮೃಗ ಅಸ್ಸಾಮಿನದ್ದೇ ಇರಬಹುದು, ಅದರ ಬಗ್ಗೆ ತಕರಾರು ಎತ್ತಿದವರನ್ನ ನಾನಂತೂ ನೋಡಿಲ್ಲ.

ಹುಲಿ ಅಂದಾಗ ನೆನಪಾಯ್ತು, ಪೂರ್ತಿ ಹೋಗಿಲ್ಲ ಅದು. ನೋಟಿನ ಮುಂಭಾಗದಲ್ಲಿ ಗವರ್ನರ್ ಸಹಿ ಹತ್ತಿರ ಆರ್‌ಬಿಐನ ಗುಂಡನೆಯ ಮುದ್ರೆ ಇದೆಯಲ್ಲ, ಅದರೊಳಗೆ ನೋಡಿ, ಒಂದು ತಾಳೆ ಮರ, ಅದರ ಮುಂದೆ ಒಂದು ಹುಲಿ. 1935ರಲ್ಲಿ ಬ್ಯಾಂಕು ಶುರುವಾಗುವಾಗ ಈಸ್ಟ್ ಇಂಡಿಯಾ ಕಂಪನಿಯ ಮೊಹರು ನಾಣ್ಯದ ಮೇಲಿದ್ದ ಸಿಂಹ ಮತ್ತು ತಾಳೆ ಮರದ ಚಿತ್ರ ತಗೊಂಡು, ಭಾರತಕ್ಕೆ ಸಿಂಹಕ್ಕಿಂತ ಹುಲಿಯೇ ಸರಿ ಅಂತ ಬದಲಾಯಿಸಿದ್ರು, ಕಲ್ಕತ್ತದ ಬೆಲ್ವೆಡಿಯರ್ ಗೇಟಿನ ಮೇಲಿದ್ದ ಹುಲಿ ಪ್ರತಿಮೆ ನೋಡಿ ಬಿಡಿಸಿದ್ದಂತೆ. ಅಂದ್ರೆ ಇವತ್ತಿಗೂ ನಿಮ್ಮ ಜೇಬಿನ ಪ್ರತಿ ಆರ್‌ಬಿಐ ನೋಟಲ್ಲೂ ಒಂದು ಹುಲಿ, ಒಂದು ಮರ ಇದ್ದೇ ಇದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ. ಇಡೀ ಹಿಂಬದಿ ಇದ್ದ ಕಾಡಿಗೆ ಈಗ ಉಳಿದಿರೋ ಜಾಗ ಅಷ್ಟು.

ಮುಂದಿನ ಸರಣಿ ಯಾವತ್ತೋ ಬರತ್ತೆ, ಬರಲೇಬೇಕು, ಖೋಟಾ ನೋಟಿನವರಿಗಿಂತ ಒಂದು ಹೆಜ್ಜೆ ಮುಂದಿರೋಕೆ ಆಗಾಗ ಡಿಸೈನ್ ಬದಲಾಯಿಸೋದು ಎಲ್ಲಾ ದೇಶದ ವಾಡಿಕೆ. ಅಷ್ಟೊತ್ತಿಗೆ ನಾವೆಲ್ಲ ಫೋನಲ್ಲೇ ದುಡ್ಡು ಕೊಡ್ತಾ ನೋಟು ನೋಡೋದೇ ಬಿಟ್ಟಿರಬಹುದು, ಆದ್ರೂ ಒಂದು ಅರ್ಜಿ ಇಲ್ಲೇ ಹಾಕ್ತೀನಿ. ರಥ, ಬಾವಿ, ಸ್ತೂಪ ಎಲ್ಲಾ ಇರಲಿ, ಒಂದು ನೋಟು ಮಾತ್ರ ನಮ್ಮ ಪಶ್ಚಿಮ ಘಟ್ಟಕ್ಕೆ ಬಿಟ್ಟುಕೊಡಿ. ಜೋಗ ಬೇಡ, ಜೋಗ ಅಂದ್ರೆ ಮತ್ತೆ ಟೂರಿಸಂ ಪೋಸ್ಟರ್ ಆಗತ್ತೆ. ಸಿಂಗಳೀಕ ಹಾಕಿ. ಪಶ್ಚಿಮ ಘಟ್ಟ ಬಿಟ್ರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲದ ಪ್ರಾಣಿ, ಕಪ್ಪು ಮುಖದ ಸುತ್ತ ಬೂದು ಬಣ್ಣದ ಆ ಕೇಸರ, ಒಂದೊಂದು ಕೂದಲೂ ಒಂದೊಂದು ಗೆರೆ. ಗೆರೆಯಲ್ಲೇ ಬದುಕೋ ಕಲಾವಿದರಿಗೆ ಅದಕ್ಕಿಂತ ಒಳ್ಳೇ ಕೆಲಸ ಯಾರು ಕೊಡ್ತಾರೆ, ಖೋಟಾ ನೋಟಿನವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಏನಿದೆ. 500ರ ನೋಟು ಕೇಳ್ತಿಲ್ಲ, 10 ರೂಪಾಯಿಯದ್ದು ಸಾಕು, ಹೇಗೂ ಪ್ರಾಣಿಗಳಿದ್ದ ನೋಟೇ ಅದು.